ಗಂಟು ನೋಡಿ ಹೋಟೆಲು ಹೇಳುವ ಅಕ್ಕ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ರೈಲು ನಿಲ್ದಾಣದ ಹಿಂದಿನ ಗಲ್ಲಿಯ ಲಾಂಡ್ರಿಯಲ್ಲಿ ದಿನದ ಮೊದಲ ಗಂಟು ಬಿಚ್ಚಿಕೊಂಡಿದೆ.

ಬಿಚ್ಚಿದವರಿಗೆ ಐವತ್ತೊಂದು ವರ್ಷ. ಇಪ್ಪತ್ಮೂರು ವರ್ಷಗಳಿಂದ ಇದೇ ನೆಲದ ಮೇಲೆ ಕೂತು ಹೋಟೆಲುಗಳ ಮಾಸಿದ ಬಟ್ಟೆ ವಿಂಗಡಿಸುತ್ತಿದ್ದಾರೆ. ಗಲ್ಲಿಗೆಲ್ಲ ಅವರು ಗಂಟಿನಕ್ಕ. ಹದಿನಾಲ್ಕು ಹೋಟೆಲು, ದಿನಕ್ಕೆ ಸುಮಾರು ಆರುನೂರು ಬೆಡ್‌ಶೀಟು. ಯಾವುದು ಯಾರದೆಂದು ತಿಳಿಯಲು ಮೂಲೆಯಲ್ಲಿ ಒಂದೊಂದು ಬಣ್ಣದ ದಾರದ ಹೊಲಿಗೆ. ಕಲೆಯಾದದ್ದು ಎಡಕ್ಕೆ, ಹರಿದದ್ದು ಬಲಕ್ಕೆ. ಹರಿದದ್ದನ್ನು ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತ ಗಂಡ ಸರಿಮಾಡುತ್ತಾರೆ. ಚಳಿಗಾಲದಲ್ಲಿ ಅಕ್ಕನ ಬೆರಳ ಸಂದು ಬಿರಿಯುತ್ತದೆ. ಬಟ್ಟೆಪಟ್ಟಿ ಸುತ್ತಿಕೊಂಡು ಎಣಿಸುತ್ತಾರೆ.

ಐದೂಮುಕ್ಕಾಲಿಗೆ ಮೊದಲ ರೈಲು. ಊರು ದೊಡ್ಡದು, ಒಂದು ತುದಿಯಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಮೂರು ತಾಸು. ನಿಲ್ದಾಣದ ಸುತ್ತಲೇ ಲೆಕ್ಕವಿಲ್ಲದಷ್ಟು ಹೋಟೆಲು, ಎಲ್ಲದರ ಬೋರ್ಡಿನ ಮೇಲೂ ಅದೇ ಬೆಳ್ಳನೆಯ ಹಾಸಿಗೆಯ ಚಿತ್ರ. ಕಂಕುಳಲ್ಲಿ ಮಗು, ಕೈಯಲ್ಲಿ ಆಸ್ಪತ್ರೆಯ ಚೀಟಿ ಹಿಡಿದವರು ದಲ್ಲಾಳಿಗಳ ಕಣ್ಣು ತಪ್ಪಿಸಿ ಗಲ್ಲಿಗೆ ಬಂದು, ಒಳ್ಳೆಯ ಹೋಟೆಲು ಯಾವುದೆಂದು ಕೇಳುತ್ತಾರೆ. ಟೀ ಅಂಗಡಿಯವ ಅಕ್ಕನತ್ತ ಕೈ ತೋರಿಸುತ್ತಾನೆ.

"ಬೋರ್ಡು ಎಲ್ಲಾರೂ ಹಾಕ್ತಾರೆ. ಗಂಟು ಸುಳ್ಳು ಹೇಳಲ್ಲ ಅನ್ಕೊಂಡಿದ್ದೆ ನಾನು," ಎನ್ನುತ್ತಾರೆ ಅವರು. ಮೂವತ್ತು ಕೋಣೆ ತುಂಬಿದ್ದ ಹೋಟೆಲಿನಿಂದ ಹನ್ನೆರಡೇ ಶೀಟು ಬಂದರೆ, ಉಳಿದ ಹಾಸಿಗೆಗಳಲ್ಲಿ ನಿನ್ನೆಯವರ ಬೆವರು ಹಾಗೇ ಇದೆ ಎಂದರ್ಥ. ಅಂಥಲ್ಲಿಗೆ ಅವರು ಯಾರನ್ನೂ ಕಳಿಸುತ್ತಿರಲಿಲ್ಲ.

ಈಗ ಕೋಣೆಯನ್ನು ಕಣ್ಣಾರೆ ನೋಡದೆ ಯಾವ ಹೋಟೆಲಿನ ಬಗ್ಗೆಯೂ ಬಾಯಿ ಬಿಡುವುದಿಲ್ಲ. ವಾರದ ರಜೆ ಅದಕ್ಕೇ ಮೀಸಲು. ಕಾರಣ, ಎಂಟು ತಿಂಗಳ ಹಿಂದಿನ ಒಂದು ತಪ್ಪು.

ಕೆಂಪು ದಾರದ ಹೋಟೆಲಿಗೆ ಇಪ್ಪತ್ತೆರಡು ಕೋಣೆ. ಅದರ ಗಂಟು ಇದ್ದಕ್ಕಿದ್ದಂತೆ ಸಣ್ಣದಾಯಿತು. ಎರಡು ತಿಂಗಳು ಅಕ್ಕ ಬಂದವರಿಗೆಲ್ಲ "ಅಲ್ಲಿ ಬೇಡ" ಎಂದರು. ಒಂದು ಮಧ್ಯಾಹ್ನ ಆ ಹೋಟೆಲಿನ ಮ್ಯಾನೇಜರು ಲಾಂಡ್ರಿಯ ಬಾಗಿಲಲ್ಲಿ ನಿಂತರು. ಹಿತ್ತಲಲ್ಲಿ ನಾವೇ ವಾಷಿಂಗ್ ಮಷಿನ್ ಹಾಕಿಸಿದ್ದೇವೆ, ಮಿಕ್ಕಿದ್ದನ್ನಷ್ಟೇ ಇಲ್ಲಿಗೆ ಕಳಿಸುತ್ತೇವೆ ಎಂದವರು, ಈಕೆ ಇರಬೇಕು, ಇಲ್ಲ ನಮ್ಮ ಗಂಟು ಬರಬೇಕು, ಎರಡರಲ್ಲಿ ಒಂದು ಎಂದರು. ಲಾಂಡ್ರಿ ಮಾಲೀಕರು ಅಕ್ಕನಿಗೆ ಒಂದು ವಾರ ಗಡುವು ಕೊಟ್ಟರು: ನೀನೇ ಸರಿಮಾಡಿಕೋ, ಆಗದಿದ್ದರೆ ಬೇರೆ ಕೆಲಸ ನೋಡಿಕೋ.

ಅಂದೇ ಸಂಜೆ ಅಕ್ಕ ಆ ಹೋಟೆಲಿಗೆ ಹೋದರು. ಮಷಿನ್ ಗಿರಗಿರನೆ ತಿರುಗುತ್ತಿತ್ತು. ಮಾಳಿಗೆಯ ತುಂಬ ಶೀಟು ಒಣಗುತ್ತಿತ್ತು. ಅವರ ಮುಖ ಸಣ್ಣದಾಯಿತು.

"ನಂದೇ ತಪ್ಪು ಅಣ್ಣಾ. ನೋಡ್ದೇನೇ ಮಾತಾಡ್ಬಿಟ್ಟೆ."

ಮ್ಯಾನೇಜರು ಕರಗಲಿಲ್ಲ. ಒಂದೊಂದೇ ಕೋಣೆಯ ಬೀಗ ತೆಗೆದು ತೋರಿಸುತ್ತಾ ಹೋದರು. ಹದಿನಾಲ್ಕನೆಯದರಲ್ಲಿ ಅಕ್ಕ ದಿಂಬು ಎತ್ತಿ ಮೂಸಿದರು.

"ಶೀಟಿಗೆ ಹೆಸರಿಡೋ ಹಾಗಿಲ್ಲ. ದಿಂಬು ಮಾತ್ರ ಮುಗ್ಗಲು ನಾತ."

ಮ್ಯಾನೇಜರು ಬಾಗಿಲೆಳೆದುಕೊಂಡರು. ಉಳಿದ ಎಂಟು ಕೋಣೆ ತೋರಿಸಲಿಲ್ಲ.

ಸುದ್ದಿ ಕೇಳಿದ ಗಂಡ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿದರು. "ಕ್ಷಮೆ ಕೇಳಕ್ಕೆ ಹೋದೋಳಿಗೆ ದಿಂಬು ಮೂಸೋ ಉಸಾಬರಿ ಯಾಕೆ ಬೇಕಿತ್ತು?"

"ಮೂಗು ಮನೇಲಿಟ್ಟು ಹೋಗಕ್ಕಾಗತ್ತಾ?"

ನಾಲ್ಕು ದಿನ ಆ ಹೋಟೆಲಿನಿಂದ ಗಂಟೂ ಇಲ್ಲ, ಮಾತೂ ಇಲ್ಲ. ಅಕ್ಕ ಪಕ್ಕದ ಬೀದಿಯ ಇನ್ನೊಂದು ಲಾಂಡ್ರಿಯಲ್ಲಿ ಕೆಲಸ ಕೇಳಿಟ್ಟು ಬಂದರು. ಐದನೆಯ ಬೆಳಿಗ್ಗೆ ಗೂಡ್ಸ್ ಆಟೊ ಬಂತು. ಅದರ ತುಂಬ ದಿಂಬು, ನಲವತ್ತನಾಲ್ಕು. ಜೊತೆಯಲ್ಲೇ ಬಂದ ಮ್ಯಾನೇಜರು ಮಾಲೀಕರಿಗೆ, "ಇವನ್ನ ಆ ಅಕ್ಕನ ಕೈಗೇ ಕೊಡಿ" ಎಂದಷ್ಟೇ ಹೇಳಿ, ದೂರಿನ ಮಾತೆತ್ತದೆ ಹೋದರು.

ದಿಂಬುಗಳು ಒಣಗಲು ಎರಡು ದಿನದ ಬಿಸಿಲು ಬೇಕಾಯಿತು. ಆ ಎರಡು ದಿನವೂ ಅಕ್ಕ ಆ ಹೋಟೆಲಿಗೆ ಯಾರನ್ನೂ ಕಳಿಸಲಿಲ್ಲ. ಮೂರನೆಯ ದಿನ, ಮೊದಲ ರೈಲಿನಿಂದ ಇಳಿದ ಒಬ್ಬ ತಂದೆಯನ್ನೂ ಮಗಳನ್ನೂ ಅಲ್ಲಿಗೆ ಕಳಿಸಿದರು.