ಬದರಿನಾಥರ ಪಂಚಾಂಗದ ಏಪ್ರಿಲ್ ಪುಟ

ಮಾರಿಸ್‌ವಿಲ್ ಸುತ್ತಮುತ್ತಲಿನ ಕನ್ನಡದವರಿಗೆ ಬದರಿನಾಥರು ಶಾಸ್ತ್ರಿಗಳು. ಕಮ್ಯುನಿಟಿ ಕಾಲೇಜಿನ ವಿದ್ಯಾರ್ಥಿಗಳಿಗೆ ಮಿಸ್ಟರ್ ನಾಥ್, ಕ್ಯಾಲ್ಕ್ಯುಲಸ್ ಮೇಷ್ಟ್ರು. ವಾರಕ್ಕೆ ಐದು ದಿನ ಟೈ, ಎರಡು ದಿನ ಪಂಚೆ. ಮೈಸೂರಿನಲ್ಲಿ ಮದುವೆ, ಮುಂಜಿ ಮಾಡಿಸುತ್ತಿದ್ದ ಅವರ ತಂದೆ ಮಗನಿಗೆ ಮಂತ್ರದ ಜೊತೆಗೇ ಗ್ರಹಗಣಿತವನ್ನೂ ಕಲಿಸಿದ್ದರು. ಮಗ ಗಣಿತ ಹಿಡಿದು ಹೊರಟು, ನಾರ್ತ್ ಕೆರೊಲಿನಾದಲ್ಲಿ ಪಿಎಚ್‌ಡಿ ಮುಗಿಸಿ, ಅಲ್ಲೇ ಪಾಠ ಹೇಳತೊಡಗಿದರು. ಪೌರೋಹಿತ್ಯ ಅವರಾಗಿ ಬಯಸಿದ್ದಲ್ಲ. ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಬರಬೇಕಿದ್ದ ಪುರೋಹಿತರು ಬಾರದೆ ಹೋದ ದಿನ ಪುಸ್ತಕ ಹಿಡಿದು ಕೂತವರಿಗೆ ಮತ್ತೆ ಏಳಲಾಗಲಿಲ್ಲ.

ಒಂದು ವಿಷಯ ಮಾತ್ರ ಅವರನ್ನು ಕೊರೆಯುತ್ತಿತ್ತು. ಎಲ್ಲರ ಅಡುಗೆಮನೆಯಲ್ಲೂ ಬೆಂಗಳೂರಿನ ಕ್ಯಾಲೆಂಡರ್ ತೂಗುತ್ತಿತ್ತು. ಹಬ್ಬ, ಏಕಾದಶಿ, ಮುಹೂರ್ತ ಎಲ್ಲವೂ ಅಲ್ಲಿನ ಸೂರ್ಯೋದಯದ ಲೆಕ್ಕ. ಇಲ್ಲಿನ ಸೂರ್ಯನಿಗೆ ಇಲ್ಲಿನದೇ ಲೆಕ್ಕ ಬೇಡವೇ? ಎರಡು ವರ್ಷ ಕಂಪ್ಯೂಟರ್ ಮುಂದೆ ಕೂತು ಒಂದು ಪ್ರೋಗ್ರಾಂ ಬರೆದರು. 1995ರ ಯುಗಾದಿಗೆ ಪಂಚಾಂಗ ಅಚ್ಚಾಯಿತು. ಷಾರ್ಲೆಟ್‌ನಿಂದ ಸ್ಟರ್ಲಿಂಗ್‌ವರೆಗೆ ಮುನ್ನೂರು ಮನೆಗಳಿಗೆ ಅಂಚೆಯಲ್ಲಿ ಹೋಯಿತು.

ಏಪ್ರಿಲ್ ಹದಿನಾಲ್ಕು, ಶುಕ್ರವಾರ. ಕಾಲೇಜಿನಲ್ಲಿ ಮೊಸರನ್ನದ ಡಬ್ಬಿ ಬಿಚ್ಚಿಕೊಂಡು, ಯಾರೋ ಬಿಟ್ಟುಹೋಗಿದ್ದ ಪೇಪರಿನ ಹವಾಮಾನದ ಮೂಲೆ ನೋಡಿದರು. ಸೂರ್ಯೋದಯ 6:45. ಅವರ ಪಂಚಾಂಗದಲ್ಲಿ 5:45 ಎಂದಿತ್ತು. ಪೇಪರಿನದೇ ತಪ್ಪಿರಬೇಕು ಎಂದುಕೊಂಡರು. ಮರುಕ್ಷಣ ಚಮಚ ಕೆಳಗಿಟ್ಟರು.

ಇಲ್ಲಿನ ಕಾನೂನಿನಂತೆ ವಸಂತದಲ್ಲಿ ಎಲ್ಲರೂ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ದಿನವನ್ನು ಅವರು ಒಂದು ಹಳೆಯ ಕೈಪಿಡಿಯಿಂದ ಪ್ರೋಗ್ರಾಮಿಗೆ ಇಳಿಸಿದ್ದರು: ಏಪ್ರಿಲ್‌ನ ಕೊನೆಯ ಭಾನುವಾರ. ಆ ಕಾನೂನು ಬದಲಾಗಿ ಮೊದಲ ಭಾನುವಾರವಾಗಿ ಎಂಟು ವರ್ಷವಾಗಿತ್ತು. ಹನ್ನೆರಡು ದಿನದ ಹಿಂದೆ ಅಡುಗೆಮನೆಯ ಗಡಿಯಾರವನ್ನು ಸ್ವತಃ ತಿರುಗಿಸಿದ್ದ ಮನುಷ್ಯನಿಗೆ ಪುಸ್ತಕ ತಿದ್ದಬೇಕೆಂದು ಹೊಳೆದಿರಲಿಲ್ಲ. ಏಪ್ರಿಲ್‌ನ ಎರಡರಿಂದ ಇಪ್ಪತ್ತೊಂಬತ್ತರವರೆಗಿನ ಪ್ರತಿ ಮುಹೂರ್ತವೂ ಒಂದು ಗಂಟೆ ಹಿಂದಿತ್ತು. ನಾಡಿದ್ದು ಭಾನುವಾರ ಷಾರ್ಲೆಟ್‌ನಲ್ಲಿ ರತ್ನಾಕರರ ಮಗಳು ಅಪೂರ್ವಾಳ ಮದುವೆ. ಮಿಥುನ ಲಗ್ನ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಮುಹೂರ್ತ ಇಟ್ಟುಕೊಟ್ಟವರೂ ಇವರೇ, ಮಾಡಿಸಬೇಕಾದವರೂ ಇವರೇ.

ಮಧ್ಯಾಹ್ನದ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಎರಡು ಸಲ ಲೆಕ್ಕ ತಪ್ಪಿತು. ಮನೆಗೆ ಬಂದು ಹೆಂಡತಿ ಕಾತ್ಯಾಯಿನಿಗೆ ಎಲ್ಲ ಹೇಳಿದರು.

"ಯಾರಿಗೂ ಗೊತ್ತಾಗಲ್ಲ ಕಣೇ. ಗಂಟೆ ನೋಡಿ ಲಗ್ನ ಹೇಳೋರು ಇಲ್ಲಿ ಯಾರಿದಾರೆ?"

"ನಾಳೆ ಆ ಹುಡುಗಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ನಿಮ್ಮ ಕೈಲಿ ಸುಮ್ನೆ ಇರಕ್ಕಾಗತ್ತಾ?" ಕಾತ್ಯಾಯಿನಿ ಫೋನನ್ನು ತಂದು ಅವರ ಮುಂದಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು, "ಏನ್ರೀ, ಹೋದ ಭಾನುವಾರ ನೀವೇ ಮಾಡಿಸಿದ ಸುರೇಶನ ಮನೆ ಗೃಹಪ್ರವೇಶ?"

ಮಧ್ಯಾಹ್ನದಿಂದ ಬದರಿನಾಥರು ಆ ಕಡೆ ಮನಸ್ಸನ್ನು ಬಿಟ್ಟಿರಲಿಲ್ಲ.

ಉಡುಪಿ ಕಡೆಯ ರತ್ನಾಕರರು ಫೋನಿನಲ್ಲಿ ಸಿಡಿದುಬಿದ್ದರು. "ಎಂತದು ಭಟ್ರೇ ಇದು! ಕಾರ್ಡಲ್ಲಿ ಪ್ರಿಂಟ್ ಆಗಿದೆ. ಹನ್ನೆರಡಕ್ಕೆ ಹಾಲ್ ಖಾಲಿ ಮಾಡ್ಬೇಕು. ನೀವು ಹೇಳದೇ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು ಮಾರಾಯ್ರೆ?"

"ನನಗೆ ಗೊತ್ತಾಗಿಬಿಟ್ಟಿದೆಯಲ್ಲ ರತ್ನಾಕರ್."

ಫೋನು ಕೈ ಬದಲಾಗಿ ರತ್ನಾಕರರ ಹೆಂಡತಿ ಚಂದ್ರಾವತಿಯ ದನಿ ಬಂತು. "ಭಟ್ರೇ, ಸರಿಯಾದ ಗಂಟೆ ಯಾವುದು, ಅಷ್ಟು ಹೇಳಿ."

"ಹತ್ತು ಇಪ್ಪತ್ತರಿಂದ ಹನ್ನೊಂದರ ಒಳಗೆ, ಅಮ್ಮ."

"ಈ ಸಲ ಪೇಪರ್ ನೋಡಿದ್ದೀರಲ್ಲ?"

"ನೋಡಿದೀನಿ."

"ಹಾಗಾದ್ರೆ ತಿಂಡಿ ಮೊದಲು, ತಾಳಿ ಆಮೇಲೆ. ಊಟ ಬೇಗ ಬೇಗ ಬಡಿಸಿದ್ರಾಯ್ತು. ಇವರಿಗೆ ನಾನು ಹೇಳ್ತೇನೆ."

ಭಾನುವಾರ ಹಾಗೆಯೇ ನಡೆಯಿತು. ಬದರಿನಾಥರು ಎರಡು ವಾಚು ಕಟ್ಟಿಕೊಂಡು ಮಣೆಯ ಮೇಲೆ ಕೂತಿದ್ದರು. ಹತ್ತೂವರೆಗೆ ಗಟ್ಟಿಮೇಳ ಎಂದಾಗ ಕ್ಯಾಸೆಟ್ಟಿನ ನಾದಸ್ವರ ಮೊಳಗಿತು, ಅಕ್ಷತೆ ಬಿತ್ತು. ಹನ್ನೆರಡಕ್ಕೆ ಹಾಲಿನವರು ಬಂದು ಕುರ್ಚಿ ಮಡಚತೊಡಗಿದಾಗ ಅರ್ಧ ಜನ ಪಾರ್ಕಿಂಗ್ ಲಾಟಿನಲ್ಲಿ ನಿಂತು ಹೋಳಿಗೆ ತಿನ್ನುತ್ತಿದ್ದರು. ರತ್ನಾಕರರು ತಾಂಬೂಲ ಕೊಟ್ಟರು. ಮುಖ ಕೊಟ್ಟು ಮಾತಾಡಲಿಲ್ಲ.

ಅಲ್ಲಿಂದ ಮಾರಿಸ್‌ವಿಲ್‌ಗೆ ಎರಡೂವರೆ ಗಂಟೆ ಡ್ರೈವ್. ಬದರಿನಾಥರು ಕಾರನ್ನು ನೇರವಾಗಿ ಸುರೇಶನ ಟೌನ್‌ಹೌಸಿನ ಮುಂದೆ ನಿಲ್ಲಿಸಿದರು.

ಸುರೇಶ ಕೇಳಿಸಿಕೊಂಡು ನಕ್ಕ. "ಬಿಡಿ ಶಾಸ್ತ್ರಿಗಳೇ, ಒನ್ ಅವರ್ ತಾನೇ? ಮನೆಯೇನೂ ಬೀಳಲ್ಲ."

ಅವನ ಹೆಂಡತಿ ಹರಿಣಿ ನಗಲಿಲ್ಲ. ಅವಳಿಗೆ ಏಳು ತಿಂಗಳು. "ಅಂಕಲ್, ನಾವು ಒಳಗೆ ಕಾಲಿಟ್ಟಾಗ ಲಗ್ನ ಚೆನ್ನಾಗಿತ್ತಾ?"

ಏನಾದರೂ ಸಮಾಧಾನ ಹೇಳಿಬಿಡಬಹುದಿತ್ತು. ಒಂದು ಗಂಟೆಯಿಂದ ಯಾರ ಬದುಕೂ ಕೆಡುವುದಿಲ್ಲ ಎಂದು ಅವರೊಳಗಿನ ಗಣಿತದ ಮೇಷ್ಟ್ರು ಹೇಳುತ್ತಿದ್ದ. ಹಾಗಾದರೆ ಗಂಟೆ ನೋಡಿ ಕೊಡುವುದಾದರೂ ಯಾಕೆ ಎಂದು ಪುರೋಹಿತ ಕೇಳುತ್ತಿದ್ದ.

"ಅಷ್ಟು ಚೆನ್ನಾಗಿರಲಿಲ್ಲಮ್ಮ," ಎಂದರು.

ಹರಿಣಿ ಎದ್ದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಮರುದಿನದಿಂದ ಅವರು ಮುನ್ನೂರು ಪೋಸ್ಟ್‌ಕಾರ್ಡುಗಳನ್ನು ಕೈಯಲ್ಲೇ ಬರೆದರು: ಏಪ್ರಿಲ್ ಪುಟದಲ್ಲಿ ಇಪ್ಪತ್ತೊಂಬತ್ತರವರೆಗಿನ ಎಲ್ಲಾ ಸಮಯಕ್ಕೂ ಒಂದು ಗಂಟೆ ಸೇರಿಸಿಕೊಳ್ಳಿ, ತಪ್ಪು ನನ್ನದು. ಕೆಲವರು ಫೋನ್ ಮಾಡಿ ನಕ್ಕರು. ಕೆಲವರು ಪೂಜೆಗೆ ಬೇರೆಯವರನ್ನು ಕರೆದರು. ಅದೆಲ್ಲ ಅವರನ್ನು ಅಷ್ಟಾಗಿ ತಟ್ಟಲಿಲ್ಲ. ಫೋನ್ ಹೊಡೆದುಕೊಂಡರೆ ಸಾಕು, ಹರಿಣಿಯ ಸುದ್ದಿಯೇ ಇರಬೇಕೆಂದು ಹೆದರುತ್ತಿದ್ದರು. ಮೇ ಕೊನೆಗೆ ದೇವಸ್ಥಾನದಲ್ಲಿ ಯಾರೋ ಹೇಳಿದರು: ಹರಿಣಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿದೆ, ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಆಸ್ಪತ್ರೆಗೆ ಹೋಗಿ ನಿಲ್ಲುವ ಧೈರ್ಯ ಅವರಿಗೆ ಬರಲಿಲ್ಲ. ಕಾತ್ಯಾಯಿನಿ ಸಾರು ಅನ್ನ ಕಟ್ಟಿಕೊಂಡು ಒಬ್ಬರೇ ಹೋಗಿ ಬರುತ್ತಿದ್ದರು. ಬಂದಾಗಲೆಲ್ಲ ಬದರಿನಾಥರು ಬಾಗಿಲಲ್ಲೇ ಕೇಳುತ್ತಿದ್ದರು, "ತೂಕ ಎಷ್ಟಂತೆ?"

ಹದಿನೆಂಟನೆಯ ದಿನ ಬೆಳಿಗ್ಗೆ ಫೋನ್ ಬಂತು. ಹರಿಣಿಯೇ.

"ಅಂಕಲ್, ಪಾಪುನ ಮನೆಗೆ ಕರ್ಕೊಂಡ್ ಬಂದ್ವಿ. ಹುಟ್ಟಿದ್ದು ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ. ನಕ್ಷತ್ರ ನೋಡಿ ಹೇಳ್ತೀರಾ? ಹೆಸರಿಡ್ಬೇಕು."

ಬದರಿನಾಥರು ಕಂಪ್ಯೂಟರ್ ಹಾಕಲಿಲ್ಲ. ಕಾಗದ ತೆಗೆದುಕೊಂಡು ತಂದೆ ಕಲಿಸಿದ ಕ್ರಮದಲ್ಲಿ ಕೈಯಿಂದಲೇ ಲೆಕ್ಕ ಹಾಕಿದರು. ಮುಗಿಸಿ, ಅಳಿಸಿ, ಮತ್ತೆ ಮೊದಲಿನಿಂದ ಹಾಕಿದರು. ಎರಡು ಸಲವೂ ಒಂದೇ ಉತ್ತರ ಬಂತು. ಆದರೂ ಕಾಗದವನ್ನು ಕಾತ್ಯಾಯಿನಿಯ ಕಡೆ ತಳ್ಳಿ, "ನೀನೂ ಒಂದ್ಸಲ ನೋಡು," ಎಂದರು.