ದಂಡೆಯ ಮೇಲೆ ಛತ್ರಿ ಹಿಡಿದವಳು

ದಾಂಡೇಲಿಯ ಮೆಕ್ಯಾನಿಕ್ ಮನ್ಸೂರನ ಮಗಳು ಜಾಸ್ಮಿನ ಬೆಳೆದದ್ದು ಡೆನ್ಮಾರ್ಕಿನ ರಾಜಕುಮಾರಿಯ ಹಾಗೆ. ಇದು ಅವಳ ತಾಯಿ ಅಮೀನಾಬಿ ಊರಿಗೆಲ್ಲ ಹೇಳಿಕೊಂಡು ಬಂದ ಮಾತು. ಓಣಿಯಲ್ಲಿ ಯಾರೂ ಅದನ್ನು ಅಲ್ಲಗಳೆದವರಿಲ್ಲ. ಅಲ್ಲಗಳೆಯಬೇಕೆಂದರೆ ಡೆನ್ಮಾರ್ಕ್ ಯಾವ ದಿಕ್ಕಿಗಿದೆ ಎಂದಾದರೂ ಗೊತ್ತಿರಬೇಕಲ್ಲ.

ಕಾಗದದ ಕಾರ್ಖಾನೆಗಳಿಗೆ ಪರದೇಶದ ರದ್ದಿ ಬರುವುದುಂಟು. ಪಕ್ಕದ ಮನೆಯ ಗೂಳಪ್ಪ ಧಾರವಾಡದ ಕಡೆಯವನು, ರದ್ದಿಯ ಗೋದಾಮಿನಲ್ಲಿ ಕೆಲಸ. ಜಾಸ್ಮಿನ ಇನ್ನೂ ಅಂಬೆಗಾಲಿಡುತ್ತಿದ್ದಾಗ ಒಂದು ದಿನ ಅವನು ಬಣ್ಣದ ಪುಸ್ತಕದ ನಾಲ್ಕು ಹಾಳೆ ತಂದ. ಅಕ್ಷರ ಇಂಗ್ಲಿಷಿನ ಹಾಗೆ ಕಂಡರೂ ಇಂಗ್ಲಿಷ್ ಅಲ್ಲ. ಅದು ಡೆನ್ಮಾರ್ಕಿನದು, ಅಲ್ಲಿಯ ರಾಜನ ಮಗಳ ಬಾಲ್ಯದ ಕಥೆ ಎಂದಷ್ಟೇ ಅವನ ಸಾಹೇಬರು ಹೇಳಿದ್ದರಂತೆ.

ಚಿತ್ರದಲ್ಲಿ ಇಬ್ಬರು ಹುಡುಗಿಯರು. ಒಬ್ಬಳು ಸೈಕಲ್ ತುಳಿಯುತ್ತಾಳೆ, ದೋಣಿಗೆ ಡಾಂಬರು ಬಳಿಯುತ್ತಾಳೆ, ಹುಟ್ಟು ಹಾಕುತ್ತಾಳೆ. ಇನ್ನೊಬ್ಬಳು ಬಿಳಿ ಫ್ರಾಕಿನವಳು. ಪ್ರತಿ ಚಿತ್ರದಲ್ಲೂ ಅಂಚಿಗೆ, ಛತ್ರಿ ಹಿಡಿದು ನಿಂತಿದ್ದಾಳೆ. ಇವರಲ್ಲಿ ರಾಜಕುಮಾರಿ ಯಾರು ಎಂಬ ಪ್ರಶ್ನೆಯನ್ನು ಗೂಳಪ್ಪನ ಹೆಂಡತಿ ಮಾಲವ್ವ ಒಂದೇ ಏಟಿಗೆ ಬಗೆಹರಿಸಿದಳು. ಅರಸರ ಮನೆಯಲ್ಲಿ ಛತ್ರಿ ಹಿಡಿಯುವವರು ಯಾರು? ಆಳುಗಳು. ಅಂದಮೇಲೆ ಫ್ರಾಕಿನವಳು ಕೆಲಸದವಳು, ದೋಣಿಯವಳೇ ರಾಜನ ಮಗಳು. ನಮ್ಮ ಕಡೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾಗುವುದಿಲ್ಲ.

ಅಮೀನಾಬಿಗೆ ಹಾಳೆಗಳನ್ನು ಗೋಡೆಗೆ ಅಂಟಿಸುವ ಆಸೆ. ನಮಾಜು ಮಾಡುವ ಮನೆಯಲ್ಲಿ ಮನುಷ್ಯರ ಚಿತ್ರ ಎದುರಿಗಿರಬಾರದು ಎಂದು ಮನ್ಸೂರ ಒಪ್ಪಲಿಲ್ಲ. ಕೊನೆಗೆ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದರು. ಬಾಗಿಲು ಮುಚ್ಚಿದರೆ ನಮಾಜು, ತೆರೆದರೆ ಡೆನ್ಮಾರ್ಕು.

ಅಲ್ಲಿಂದ ಜಾಸ್ಮಿನಳ ಪಾಡು ಶುರುವಾಯಿತು. ಊಟ ಮಾಡಿದ ತಾಟು ತೊಳೆಯಲು ಮುಖ ತಿರುವಿದರೆ ಕಪಾಟಿನ ಬಾಗಿಲು ತೆರೆಯುತ್ತಿತ್ತು. ರಾಜನ ಮಗಳು ಕೈಗೆ ಡಾಂಬರು ಮೆತ್ತಿಕೊಳ್ಳುತ್ತಾಳೆ, ನಿನಗೇನು ಧಾಡಿ ಎಂದು ತಾಯಿ ಕೇಳುತ್ತಿದ್ದಳು. ಮನ್ಸೂರ ಹಳೆಯ ಬಿಡಿಭಾಗ ಜೋಡಿಸಿ ಸೈಕಲ್ ಮಾಡಿಕೊಟ್ಟ. ಚಿತ್ರದಲ್ಲಿ ದೋಣಿ ಇತ್ತಲ್ಲ, ಹಾಗಾಗಿ ಈಜೂ ಬರಬೇಕಾಯಿತು. ದಾಂಡೇಲಿಯ ಬಳಿ ಕಾಳಿ ಹೊಳೆಯಲ್ಲಿ ಮೊಸಳೆ. ಅದೇ ಹೊಳೆಯ ಮೇಲ್ಗಡೆ, ಸೂಪಾ ಆಣೆಕಟ್ಟಿನ ಕೆಳಗಿನ ಗಣೇಶಗುಡಿಯಲ್ಲಿ, ಗೂಳಪ್ಪನ ಗೆಳೆಯ ಜ್ಯೋತಿಬಾ ಪ್ರವಾಸಿಗರ ರಾಫ್ಟ್ ನಡೆಸುತ್ತಿದ್ದ. ರಜೆ ಬಂತೆಂದರೆ ಮನ್ಸೂರ ಲಾರಿಯ ಟ್ಯೂಬಿಗೆ ಗಾಳಿ ತುಂಬಿ, ಮಗಳನ್ನು ಮತ್ತು ಟ್ಯೂಬನ್ನು ಒಂದೇ ಬೈಕಿನ ಮೇಲೆ ಹೇರಿಕೊಂಡು ಹೋಗಿ ಅವನಿಗೆ ಒಪ್ಪಿಸುತ್ತಿದ್ದ. ಸಣ್ಣವಳಿದ್ದಾಗ ಜಾಸ್ಮಿನಳಿಗೆ ಆ ರಾಜಕುಮಾರಿಯನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಛತ್ರಿಯವಳಾಗಿದ್ದರೆ ಎಷ್ಟು ಸುಖ ಎಂದುಕೊಳ್ಳುತ್ತಿದ್ದಳು.

ಆದರೆ ನೀರಿನ ರುಚಿ ಹತ್ತಿತು. ಡಿಗ್ರಿ ಮುಗಿಯುವ ಹೊತ್ತಿಗೆ ಆಣೆಕಟ್ಟಿನಿಂದ ನೀರು ಬಿಟ್ಟಾಗ ಕಾಳಿ ಯಾವ ಬಂಡೆಯ ಬಳಿ ಹೇಗೆ ತಿರುಗುತ್ತಾಳೆ ಎಂಬುದು ಅವಳ ಕೈಗೆ ಗೊತ್ತಿತ್ತು. ತರಬೇತಿ ಮುಗಿಸಿ ಕಳೆದ ವರ್ಷ ಅವಳೂ ರಾಫ್ಟಿನ ಗೈಡ್ ಆದಳು. ಹಿಂಬದಿಗೆ ಕೂತು ಅವಳು ಕೂಗಿದರೆ ಬೆಳಗಾವಿ, ಗೋವಾದ ದೊಡ್ಡ ದೊಡ್ಡ ಗಂಡಸರು ಹೇಳಿದಂತೆ ಹುಟ್ಟು ಹಾಕುತ್ತಿದ್ದರು. ಅದರ ಸಂತೋಷವನ್ನು ಅವಳು ಯಾರ ಮುಂದೂ ಹೇಳಿಕೊಂಡವಳಲ್ಲ.

ಅಮೀನಾಬಿ ಮಾತ್ರ ಒಂದು ದಿನವೂ ಹೊಳೆಯ ಕಡೆ ಹೋಗಲಿಲ್ಲ. ಅವಳಿಗೆ ನೀರೆಂದರೆ ಜೀವಭಯ.

ಈ ಚಳಿಗಾಲದಲ್ಲಿ ಹಳಿಯಾಳದಿಂದ ಸಂಬಂಧ ಬಂತು. ಹುಡುಗ ಮುಬಾರಕ, ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ಒಳ್ಳೆಯವನು. ಅವನ ತಾಯಿ ಖೈರುನ್ನಿಸಾ ಮುಂಚೆಯೇ ಒಂದು ಷರತ್ತು ಹೇಳಿ ಕಳಿಸಿದ್ದಳು: ಮದುವೆ ಗೊತ್ತಾದ ದಿನದಿಂದ ಹೊಳೆ ಬಂದ್. ಮನ್ಸೂರನನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಅಮೀನಾಬಿಯೇ ಹೂಂ ಅಂದುಬಿಟ್ಟಳು. ದೊಡ್ಡವಳಾದ ಮೇಲೆ ರಾಜಕುಮಾರಿಯೂ ದೋಣಿ ಬಿಟ್ಟಿರಲೇಬೇಕು ಎಂಬುದು ಅವಳ ಲೆಕ್ಕ. ಬಾಲ್ಯವೆಲ್ಲ ಯಾರ ಹೆಸರಿನಲ್ಲಿ ತನ್ನನ್ನು ನೀರಿಗೆ ನೂಕಿದಳೋ ಅವಳ ಹೆಸರಿನಲ್ಲೇ ತಾಯಿ ಈಗ ದಂಡೆಗೆ ಎಳೆಯುತ್ತಿದ್ದಾಳೆ ಎಂದು ಜಾಸ್ಮಿನಳಿಗೆ ಸಿಟ್ಟು ಬಂತು. ಜೊತೆಗೆ ಅಳುವೂ ಬಂತು. ಆದರೂ ದುಪಟ್ಟಾ ಸರಿಮಾಡಿಕೊಂಡು, ಹೆಣ್ಣು ನೋಡಲು ಬಂದವರೆದುರು ಕೂತಳು.

ಒಳ್ಳೆಯ ಕಪ್ಪು-ಬಸಿ ಇದ್ದದ್ದು ಆ ಕಪಾಟಿನಲ್ಲೇ. ಅಮೀನಾಬಿ ಬಾಗಿಲು ತೆರೆದಾಗ ಮುಬಾರಕನ ಕಣ್ಣು ಚಿತ್ರಗಳ ಮೇಲೆ ಬಿತ್ತು. ಅಮೀನಾಬಿ ಹೆಮ್ಮೆಯಿಂದ ಕಥೆಯನ್ನೆಲ್ಲ ಹೇಳಿದಳು. ಫೋನಿನ ಕ್ಯಾಮೆರಾ ಹಿಡಿದರೆ ಯಾವ ಭಾಷೆಯಾದರೂ ನಮ್ಮದಾಗುತ್ತದೆ ಎಂದು ಅವನು ಎದ್ದು ಬಂದ. ಸಹಾಯಕ್ಕೆ ಬಂದಿದ್ದ ಮಾಲವ್ವನಿಗೂ ತಿಳಿಯಲಿ ಎಂದು ಅನುವಾದವನ್ನು ಉರ್ದು ಬಿಟ್ಟು ಕನ್ನಡಕ್ಕೇ ಹಾಕಿದ. ಇಷ್ಟು ವರ್ಷ ಆ ಮನೆಯಲ್ಲೂ ಫೋನಿತ್ತು. ಆದರೆ ಗೊತ್ತಿದ್ದ ಕಥೆಗೆ ಅರ್ಥ ಕೇಳುವವರು ಯಾರು?

ಅವನು ಓದುತ್ತ ಹೋದ. ಬಿಳಿ ಫ್ರಾಕಿನವಳೇ ರಾಜಕುಮಾರಿ. ದೋಣಿಯವಳು ಅರಮನೆಯ ದೋಣಿ ರಿಪೇರಿ ಮಾಡುವವನ ಮಗಳು.

ಮಾಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಖೈರುನ್ನಿಸಾ ನಕ್ಕು, ಹಾಗಾದರೆ ರಿಪೇರಿಯವನ ಮಗಳನ್ನು ರಿಪೇರಿಯವನ ಮಗಳ ಹಾಗೇ ಬೆಳೆಸಿದ್ದೀರಿ ಎಂದಳು. ಒರೆಸಿದ ಕಪ್ಪುಗಳನ್ನೇ ತಾಯಿ ಮತ್ತೆ ಮತ್ತೆ ಒರೆಸುವುದನ್ನು ಕಂಡು ಜಾಸ್ಮಿನಳ ಸಿಟ್ಟೆಲ್ಲ ಇಳಿದುಹೋಯಿತು. ಪಾಪ ಅನಿಸಿತು.

"ಇನ್ನೂ ಐತಿ ಕೇಳ್ರಿ," ಎಂದು ಮುಬಾರಕ ಕೊನೆಯ ಹಾಳೆಯ ಮೇಲೆ ಫೋನು ಹಿಡಿದ. ರಾಜಕುಮಾರಿ ಮುದುಕಿಯಾದ ಮೇಲೆ ಆಡಿದ ಮಾತುಗಳಂತೆ ಅವು. ಅವಳಿಗೆ ಪಿಯಾನೋ ಕಲಿಸಿದರು, ಮೂರು ಭಾಷೆ ಕಲಿಸಿದರು, ನಡೆಯುವುದು ನಗುವುದು ಎಲ್ಲ ಕಲಿಸಿದರು. ದೋಣಿ ಹತ್ತಲು ಮಾತ್ರ ಬಿಡಲಿಲ್ಲ. ಬಿಸಿಲಿಗೆ ಬಣ್ಣ ಕೆಟ್ಟೀತೆಂದು ಕೈಗೆ ಛತ್ರಿ ಕೊಟ್ಟು ನಿಲ್ಲಿಸಿದರು. "ಬಾಲ್ಯವೆಲ್ಲ ನಾನು ದಂಡೆಯ ಮೇಲೆ ನಿಂತು ಆ ಹುಡುಗಿಯನ್ನು ನೋಡಿದೆ. ಅವಳಾಗಿ ಹುಟ್ಟಬೇಕಿತ್ತು ಅನಿಸುತ್ತಿತ್ತು," ಎಂದು ಓದಿ ಅವನು ಫೋನು ಕೆಳಗಿಳಿಸಿದ.

ಅಮೀನಾಬಿ ಕಪ್ಪುಗಳನ್ನು ಕೆಳಗಿಟ್ಟಳು. ಮಗಳನ್ನು ನೋಡಿದಳು. ಜಾಸ್ಮಿನಳ ಅಂಗೈಯಲ್ಲಿ ಹುಟ್ಟಿನ ಹಿಡಿ ತಿಕ್ಕಿ ಕಟ್ಟಿದ ಜಡ್ಡುಗಳಿದ್ದವು. ಅವನ್ನು ಮುಚ್ಚಲೆಂದು ಬೆಳಿಗ್ಗೆ ತಾಯಿಯೇ ಮೆಹಂದಿ ಹಚ್ಚಿದ್ದಳು.

"ಆಪಾ, ಚಾ ಕುಡ್ದು ಹೋಗ್ರಿ," ಎಂದಳು ಖೈರುನ್ನಿಸಾಗೆ, ಧ್ವನಿ ಏರಿಸದೆ. "ಹೂಂ ಅಂದಿದ್ದ ಮಾತು ನಾ ತಿರುಗಿ ತಗೋತೇನಿ. ನನ್ನ ಮಗಳ ಕೈಯಾಗ ಛತ್ರಿ ಕೊಡಂಗಿಲ್ಲ ನಾ."

ಖೈರುನ್ನಿಸಾ ಚಹಾ ಕುಡಿಯಲಿಲ್ಲ. ಮುಬಾರಕ ಕುಡಿದ. ಅವನು ಆಮೇಲೆ ತಾಯಿಯ ಮನಸ್ಸು ತಿರುಗಿಸಿ ಬರುತ್ತಾನೆಂದು ಮಾಲವ್ವನ ನಂಬಿಕೆ. ಇಲ್ಲಿಯವರೆಗೆ ಬಂದಿಲ್ಲ. ಹಾಳೆಗಳು ಇದ್ದಲ್ಲೇ ಇವೆ.

ಅವರು ಬಂದುಹೋದ ಮುಂದಿನ ರವಿವಾರ ಅಮೀನಾಬಿ, ಮಾಲವ್ವ ಇಬ್ಬರೂ ಗಣೇಶಗುಡಿಗೆ ಹೋದರು. ಬಿಸಿಲು ಚುರುಗುಟ್ಟುತ್ತಿತ್ತು. ಮಾಲವ್ವ ಛತ್ರಿ ಬಿಚ್ಚಿ ಗೆಳತಿಯನ್ನೂ ನೆರಳಿಗೆ ಕರೆದಳು. ಅಮೀನಾಬಿ ಒಂದು ಗಳಿಗೆ ಆ ಛತ್ರಿಯನ್ನೇ ನೋಡಿದಳು. ಆಮೇಲೆ ಬುರ್ಖಾದ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟು ತೊಟ್ಟು, ಕಲಿಮಾ ಹೇಳಿಕೊಳ್ಳುತ್ತ, ನೀರಿನ ಕಡೆ ಇಳಿದಳು.

ಜಾಸ್ಮಿನ ಕೈ ಚಾಚಿದಳು. "ಹೆದರಬ್ಯಾಡ ಅಮ್ಮೀ, ನಾ ಅದೇನಿ."

ಅಮೀನಾಬಿ ಆ ಜಡ್ಡುಗಟ್ಟಿದ ಕೈ ಹಿಡಿದು ರಾಫ್ಟ್ ಹತ್ತಿದಳು.