ಅರ್ಧಕ್ಕೆ ನಿಂತ ನೀರಿನ ಕಥೆ

ಎರಡು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರದ ಶುಕ್ರವಾರ, ಬೀದರದ ಆಸ್ಪತ್ರೆಯೊಂದರ ಡಯಾಲಿಸಿಸ್ ಕೋಣೆಯಲ್ಲಿ ಮಿಲಿಂದ ಸರ್ ಒಂದು ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದರು. ಯಂತ್ರ ನಿಲ್ಲಲು ಇನ್ನೂ ಸಾಕಷ್ಟು ಸಮಯವಿತ್ತು. ಅವರಿಗೆ ಸುಸ್ತೂ ಆಗಿರಲಿಲ್ಲ. ಆ ಕೋಣೆಯಲ್ಲಿ ಕಥೆ ಅರ್ಧಕ್ಕೆ ಬಿಡಬಾರದು ಎಂಬುದು ಅವರೇ ಮಾಡಿಕೊಂಡಿದ್ದ ನಿಯಮ. ನಾನು ಕಂಡಂತೆ ಅವರು ಅದನ್ನು ಮುರಿದದ್ದು ಅದೊಂದೇ ಸಲ.

ನನ್ನ ಅಣ್ಣ ಕಾಶಿನಾಥ ಬೀದರದ ಧಾನ್ಯದ ಪೇಟೆಯಾದ ಗಾಂಧಿ ಗಂಜಿನಲ್ಲಿ ಅಡತ ಅಂಗಡಿ ಇಟ್ಟವನು. ರೈತರು ತಂದ ತೊಗರಿ, ಹೆಸರು, ಕಡಲೆಯನ್ನು ಮಾರಿಸಿಕೊಡುವುದು ಅವನ ಕೆಲಸ. ಅವನ ಎರಡೂ ಮೂತ್ರಪಿಂಡ ಕೈಕೊಟ್ಟ ಮೇಲೆ ಮಂಗಳವಾರ ಮತ್ತು ಶುಕ್ರವಾರ ಡಯಾಲಿಸಿಸ್ ಶುರುವಾಯಿತು. ನಾನು ಪತ್ರಿಕೆಯೊಂದರ ಜಿಲ್ಲಾ ವರದಿಗಾರ. ಮುಂಜಾನೆ ಹೊತ್ತು ಬಿಡುವಾಗಿದ್ದ ನನ್ನನ್ನೇ ಮನೆಯವರು ಜೊತೆಗೆ ಕಳಿಸಿದರು. ಅಣ್ಣನ ಪಕ್ಕದ ಮಂಚ ಮಿಲಿಂದ ಸರ್ ಅವರದು. ಅದರಾಚೆ, ಕಿಟಕಿ ಪಕ್ಕದ್ದು, ಡಾಬಕಾ ಎಂಬ ಹಳ್ಳಿಯ ಲಚಮವ್ವನದು.

ಅಲ್ಲಿ ಮಲಗಿದವರಿಗೆ ತೋಳಿಗೆ ಎರಡು ಸೂಜಿ ಚುಚ್ಚಿರುತ್ತಾರೆ. ಆ ಕೈ ಮಡಚುವಂತಿಲ್ಲ. ರಕ್ತ ಹೊರಗೆ ಹೋಗಿ, ಯಂತ್ರದಲ್ಲಿ ಸೋಸಿ, ಮತ್ತೆ ಒಳಗೆ ಬರುವವರೆಗೆ ಮಲಗಿದವರು ಮಲಗಿದಲ್ಲೇ. ಕಿಟಕಿ ಇತ್ತು, ಆದರೆ ಅದರಾಚೆ ಇದ್ದದ್ದು ಪಕ್ಕದ ಕಟ್ಟಡದ ಗೋಡೆ. ಹರಾಜು ಕೂಗುತ್ತ, ಲಾರಿಗಳನ್ನು ಹಿಂದಕ್ಕೆ ಹೊಡೆಸುತ್ತ ಬೆಳೆದ ಅಣ್ಣ ಮೊದಲ ಕೆಲವು ವಾರ ಯಂತ್ರವನ್ನು, ನರ್ಸುಗಳನ್ನು, ನನ್ನನ್ನು ಸರದಿಯಂತೆ ಬೈದ. ಒಂದು ದಿನ ಪಕ್ಕದ ಮಂಚದಿಂದ ಮೆಲ್ಲನೆ ದನಿ ಬಂತು.

"ಸಾವಕಾರ್ರ, ಬೈಯೂದು ಮುಗದಿದ್ರ ಒಂದು ಕಥಿ ಹೇಳ್ಲೇನ್ರಿ?"

"ಯಾರ ಕಥಿ?"

"ಚಂದ್ರನ ಮ್ಯಾಲಿಂದು. ಅಲ್ಲೂ ಒಂದು ಗಂಜ ಅದರಿ. ಮಂದಿ ಅಲ್ಲಿ ಗಾಳಿ ಮಾರ್ತಾರ."

ಅಣ್ಣ ತಲೆಯನ್ನು ಆ ಕಡೆ ಹೊರಳಿಸಿದ. ಆಮೇಲೆ ಕೇಳಿದ: "ಕಿಲೋ ಲೆಕ್ಕಾನೋ, ಕ್ವಿಂಟಲ್ ಲೆಕ್ಕಾನೋ?"

ಅವನು ಸಿಕ್ಕಿಬಿದ್ದದ್ದು ಹಾಗೆ.

ಮಿಲಿಂದ ಸರ್ ಔರಾದದವರು. ಭಾಲ್ಕಿಯ ಕಾಲೇಜೊಂದರಲ್ಲಿ ಬಹಳ ವರ್ಷ ಇಂಗ್ಲಿಷ್ ಕಲಿಸಿದ್ದರು. ತೆಳ್ಳಗಿನ ಆಳು, ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ಆ ಅಂಗಿಯ ಎಡತೋಳನ್ನು ಉದ್ದಕ್ಕೆ ಸೀಳಿಸಿ ಟಿಚ್ ಬಟನ್ ಹಾಕಿಸಿದ್ದರು. ಸೂಜಿ ಚುಚ್ಚುವಾಗ ಟಕಟಕ ಬಿಚ್ಚುವುದು, ಮುಗಿದ ಮೇಲೆ ಟಕಟಕ ಮುಚ್ಚುವುದು. ಬಸ್ಸಿನಲ್ಲಿ ನೋಡಿದವರಿಗೆ ಇವರಿಗೆ ಕಾಯಿಲೆ ಇದೆ ಎಂದು ತಿಳಿಯುತ್ತಿರಲಿಲ್ಲ. ತಿಳಿಯಬಾರದು ಎಂಬುದೇ ಅವರ ಉದ್ದೇಶ. ಔರಾದಕ್ಕೆ ರೈಲಿಲ್ಲ. ಮುಂಜಾನೆಯ ಬಸ್ಸಿನಲ್ಲಿ ಬಂದು ಮಧ್ಯಾಹ್ನದ ಬಸ್ಸಿಗೆ ಮರಳುತ್ತಿದ್ದರು.

ಅವರ ಕಥೆಗಳೆಲ್ಲ ಒಂದೇ ಜಾತಿಯ ಪುಸ್ತಕದಿಂದ ಬಂದವು. ಜಗತ್ತಿನ ಬೇರೆಬೇರೆ ಕಡೆ ಆ ವರ್ಷ ಪ್ರಕಟವಾದ ವೈಜ್ಞಾನಿಕ ಕಥೆಗಳಲ್ಲಿ ಒಳ್ಳೆಯವನ್ನು ಆರಿಸಿ, ವರ್ಷಕ್ಕೊಂದರಂತೆ ತರುವ ದಪ್ಪ ಇಂಗ್ಲಿಷ್ ಸಂಕಲನ. ಬೆನ್ನಿನ ಮೇಲೆ ಇಸವಿ ಇರುತ್ತದೆ. ಅವರ ಮೊದಲ ಪ್ರತಿ ಭಾಲ್ಕಿ ರೈಲು ನಿಲ್ದಾಣದ ಬೆಂಚಿನ ಮೇಲೆ ಯಾರೋ ಮರೆತು ಹೋದದ್ದು. ಅದನ್ನು ಅವರು ಸ್ಟೇಷನ್ ಮಾಸ್ತರರ ಕೈಗೆ ಕೊಟ್ಟರು. ಯಾರೂ ಕೇಳಿಕೊಂಡು ಬರಲಿಲ್ಲ. ಕೊನೆಗೆ ಮಾಸ್ತರರೇ ಕರೆದು, "ಒಯ್ರಿ ಸರ್, ಇದಕ್ಕ ಇಲ್ಲಿ ಧೂಳ ಬಿಟ್ರ ಯಾರೂ ಓದೋರಿಲ್ಲ" ಎಂದು ಕೊಟ್ಟರಂತೆ. ಆಮೇಲಿನವನ್ನು ಹೈದರಾಬಾದಿನಲ್ಲಿದ್ದ ಹಳೆಯ ಶಿಷ್ಯನೊಬ್ಬ ಫುಟ್‌ಪಾತಿನ ಅಂಗಡಿಗಳಲ್ಲಿ ಹುಡುಕಿ ಬಸ್ಸಿನ ಪಾರ್ಸೆಲ್‌ನಲ್ಲಿ ಕಳಿಸುತ್ತಿದ್ದ. ಫುಟ್‌ಪಾತಿಗೆ ಬರುವಷ್ಟರಲ್ಲಿ ಅದು ಹಳತಾಗಿರುತ್ತಿತ್ತು.

"ನಮ್ಮ ಕಡಿ ಎಲ್ಲಾ ಲೇಟೇ ಬರ್ತದರಿ," ಎನ್ನುತ್ತಿದ್ದರು ಮಿಲಿಂದ ಸರ್. "ಭವಿಷ್ಯನೂ ಎರಡು ವರ್ಷ ಲೇಟ್."

ಅಣ್ಣ ಕೆಣಕುತ್ತಿದ್ದ. "ಮುಂದಿನ ವರ್ಷ ತೊಗರಿ ರೇಟ್ ಏನಾಗ್ತದ ಅಂತ ಅದರಾಗ ಬರದಾರೇನ್ರಿ?"

"ಬರದಿಟ್ಟಿದ್ರ ಅದು ನಿಮ್ಮ ಗಂಜಿಗಿ ಮೊದಲ ಬರ್ತಿತ್ತು. ನನಗೆಲ್ಲಿ ಸಿಗ್ತಿತ್ತು?"

ಕಾದಂಬರಿ ಯಾಕೆ ಓದುವುದಿಲ್ಲ ಎಂದು ನಾನೊಮ್ಮೆ ಕೇಳಿದೆ. ಕಾಯಿಲೆ ಬರುವ ಮೊದಲು ಓದುತ್ತಿದ್ದೆ ಎಂದರು. "ಕಾದಂಬರಿ ಅಂದ್ರ ತಿಂಗಳಗಟ್ಟಲಿ ಒಂದ ಮನ್ಯಾಗ ಇರಬೇಕು. ಇದರಾಗ ಹಂಗಿಲ್ಲ. ಒಂದು ಕಥಿ, ಒಂದು ಲೋಕ. ಮನಸ್ಸಿಗಿ ಬರಲಿಲ್ಲಂದ್ರ ಬಾಗಲಾ ಹಾಕಿ ಮುಂದಿನ ಮನಿಗಿ ಹೋಗೂದು. ಸೂಜಿ ಹಾಕಿದಾಗ ಒಳಗ ಹೋಗ್ತೇನಿ, ಸೂಜಿ ತಗದಾಗ ಹೊರಗ ಬರ್ತೇನಿ." ಇನ್ನೊಂದು ಮಾತು ಸೇರಿಸಿದರು. "ಮತ್ತ ಇದು ವರ್ಷಾ ವರ್ಷಾ ಬರ್ತದ ನೋಡ್ರಿ. ಇನ್ನೊಂದು ವರ್ಷ ಅದ ಅಂತ ಯಾರೋ ಛಾಪಿಸಿ ಕೊಟ್ಟಂಗ."

ಸಂಕಲನದ ಮೊದಲಿಗೆ ಸಂಪಾದಕರ ಉದ್ದದ ಮುನ್ನುಡಿ ಇರುತ್ತದೆ. ಆ ವರ್ಷ ಯಾರು ಬರೆದರು, ಯಾವ ಪತ್ರಿಕೆ ನಿಂತಿತು, ಯಾರು ತೀರಿಕೊಂಡರು. ಬೇರೆಯವರು ಹಾರಿಸಿಬಿಡುವ ಆ ಪುಟಗಳನ್ನು ಅವರು ಮೊದಲು ಓದುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು ಹಾಜರಿ. "ಹಾಜರಿ ತಗೊಳ್ಳಾರದೆ ಪಾಠ ಶುರು ಮಾಡಿದವನಲ್ಲ ನಾನು."

ಒಂದೇ ಕೈಯಲ್ಲಿ ಅಷ್ಟು ದಪ್ಪದ ಪುಸ್ತಕ ಹಿಡಿಯಲಾಗುವುದಿಲ್ಲ. ಅದಕ್ಕೆ ಅವರು ಬ್ಲೇಡಿನಿಂದ ಬೆನ್ನು ಕೊಯ್ದು, ಕಥೆಗಳನ್ನು ಬೇರೆಬೇರೆಯಾಗಿ ಬಿಡಿಸಿ, ಒಂದೊಂದಕ್ಕೂ ದಪ್ಪ ದಾರದ ಹೊಲಿಗೆ ಹಾಕುತ್ತಿದ್ದರು. ಆ ದಿನದ ಕಥೆಯೊಂದನ್ನೇ ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು. ಅಣ್ಣನಿಗೆ ಮೊದಲು ಇದು ಸರಿ ಕಾಣಲಿಲ್ಲ. "ಪುಸ್ತಕ ಕೊಯ್ಯೂದು ಪಾಪ ಅಲ್ಲೇನ್ರಿ ಸರ್?"

"ಒಂದು ಕೈಯಾಗ ಹಿಡೀಲಿಕ್ಕೆ ಬಂದಿದ್ದಷ್ಟೇ ನಂದು, ಸಾವಕಾರ್ರ."

ಓದುವುದು ಇಂಗ್ಲಿಷಿನಲ್ಲಿ, ಹೇಳುವುದು ಔರಾದದ ಮಾತಿನಲ್ಲಿ. ಅವರ ಕೈಯಲ್ಲಿ ಆಕಾಶನೌಕೆಗೆ ಕಂಡಕ್ಟರ್ ಇರುತ್ತಿದ್ದ. ಮಂಗಳಗ್ರಹದ ಊರಿನಲ್ಲಿ ಸಂತೆ ಬುಧವಾರ ಇರುತ್ತಿತ್ತು. ಒಮ್ಮೆ, ಯಂತ್ರಕ್ಕೆ ಕಟ್ಟಿಸಿಕೊಂಡು ನೂರಾರು ವರ್ಷ ಬದುಕುವ ರಾಜನ ಕಥೆ ಹೇಳಿದರು. ಅಣ್ಣ ನಡುವೆಯೇ ಬಾಯಿ ಹಾಕಿದ. "ಇದು ನಮ್ಮದೇ ಕಥಿ ಆಯ್ತಲ್ರಿ. ಇದಕ್ಕ ವಿಜ್ಞಾನ ಯಾಕ ಬೇಕು?" ಲಚಮವ್ವ ಆಚೆಯಿಂದ, "ಸುಮ್ಮನ ಕೇಳೋ ಸಾವಕಾರ. ಅವ ರಾಜ, ನೀ ದಲಾಲ" ಎಂದಳು.

ಲಚಮವ್ವ ಕುರಿ ಸಾಕುವ ಮನೆಯವಳು. ಅಕ್ಷರ ಬಾರದು. ಇಡೀ ಕೋಣೆ ಅವಳನ್ನು ಆಯಿ ಎಂದು ಕರೆಯುತ್ತಿತ್ತು. ಮೂವರಲ್ಲಿ ಹೆಚ್ಚು ಬಾಯಾರಿಕೆ ಅವಳಿಗೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ನೀರನ್ನು ಅಳೆದು ಕುಡಿಯಬೇಕು. ಕುಡಿದದ್ದು ಹೊರಗೆ ಹೋಗುವುದಿಲ್ಲ, ಎದೆಗೆ ಏರುತ್ತದೆ. "ಹಳ್ಳದಾಗ ಕುರಿ ನೀರು ಕುಡೀತಾವ," ಎನ್ನುತ್ತಿದ್ದಳು. "ನಾ ದಂಡಿಗಿ ನಿಂತು ಸೆರಗಲೆ ಬಾಯಿ ಒರಸ್ಕೋತೇನಿ."

ಅದಕ್ಕಾಗಿಯೇ ಮಿಲಿಂದ ಸರ್ ನೀರಿನ ಕಥೆಗಳನ್ನು ಹೇಳುತ್ತಿರಲಿಲ್ಲ. ಕಡಲು, ಮಳೆ, ಹಿಮದ ಗ್ರಹ ಇದ್ದ ಕಥೆಗಳನ್ನೆಲ್ಲ ಆರಿಸಿ ಬೇರೆ ಕಟ್ಟು ಮಾಡಿ, ರಬ್ಬರ್ ಬ್ಯಾಂಡ್ ಹಾಕಿ ಮನೆಯಲ್ಲಿಟ್ಟಿದ್ದರು. ಲಚಮವ್ವನಿಗೆ ಇದು ಗೊತ್ತಾಗಿ ಬೆನ್ನು ಬಿದ್ದಳು.

"ಮಾಸ್ತರ, ಆ ನೀರಿಂದು ಹೇಳು."

"ಬ್ಯಾಡ ಆಯಿ. ನೀರಡಿಕಿ ಆಗ್ತದ."

"ಹೇಳದಿದ್ರ ಆಗಲ್ಲೇನು?"

ಕಥೆ ಅರ್ಧಕ್ಕೆ ಬಿಡಬಾರದೆಂಬ ನಿಯಮದ ಹಿಂದೆ ಒಬ್ಬ ಆಟೋ ಚಾಲಕನಿದ್ದ. ಅಣ್ಣನಿಗಿಂತ ಮೊದಲು ಅದೇ ಮಂಚದಲ್ಲಿದ್ದವನು. ಉದ್ದದ ಕಥೆಯೊಂದನ್ನು ಮಿಲಿಂದ ಸರ್ ಅರ್ಧ ಹೇಳಿ, ಉಳಿದದ್ದು ಮುಂದಿನ ಸಲ ಎಂದಿದ್ದರು. ಮುಂದಿನ ಸಲ ಆ ಮಂಚ ಖಾಲಿ ಇತ್ತು. "ನಾಳಿ ಬರ್ತಾರೋ ಇಲ್ಲೋ ಗೊತ್ತಿಲ್ಲದ ಮಂದಿಗಿ ಕಥಿ ಅರ್ಧ ಬಿಡಬಾರದ್ರಿ," ಎಂದು ನನಗೆ ಹೇಳಿದರು. ಅಲ್ಲಿಂದ ಮುಂದೆ ಗಡಿಯಾರ ನೋಡಿಕೊಂಡು ಹೇಳುತ್ತಿದ್ದರು. ತಡವಾಗುತ್ತಿದೆ ಅನ್ನಿಸಿದರೆ ಒಂದು ಯುದ್ಧವನ್ನೇ ಹಾರಿಸಿ ಕೊನೆ ಮುಟ್ಟಿಸುತ್ತಿದ್ದರು. ಯಂತ್ರ ಕೂಗುವ ಮೊದಲು ಕಥೆ ಮುಗಿದಿರುತ್ತಿತ್ತು.

ಆ ವರ್ಷ ದಸರೆಯ ಹೊತ್ತಿಗೆ ಲಚಮವ್ವ ತಾನು ಬರುವುದನ್ನು ನಿಲ್ಲಿಸುತ್ತೇನೆ ಎಂದಳು. ದೀಪಾವಳಿಯಾದ ಮೇಲೆ ಅವರ ಕುರಿ ಗಡಿ ದಾಟಿ ಮಹಾರಾಷ್ಟ್ರದ ಕಡೆ ಮೇಯಲು ಹೋಗುತ್ತವೆ. ಹಿರಿಯ ಮಗ ವಾರಕ್ಕೆ ಎರಡು ದಿನ ಇವಳನ್ನು ಬಸ್ಸಿನಲ್ಲಿ ಕರೆತರಬೇಕಿತ್ತು. ಹಾಗಾಗಿ ಅವನು ಕುರಿಯ ಹಿಂದೆ ಹೋಗುವಂತಿರಲಿಲ್ಲ. "ನನ್ನ ಕಾಲಿಗಿ ಅವನ ಕಾಲು ಕಟ್ಟ್ಯಾರ," ಎಂದಳು. "ಕುರಿನಾದ್ರೂ ಮುಂಜಾನಿಗಿ ಬಿಚ್ಚಿ ಬಿಡ್ತೇವು." ಬರುವುದು ನಿಂತರೆ ಏನಾಗುತ್ತದೆ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು. ಎರಡು ವಾರ ದಾಟುವುದು ಕಷ್ಟ. ಅವಳು ತಲೆಯಾಡಿಸಿ ಕೇಳಿಸಿಕೊಂಡಳು. ಮಗ ಬಾಗಿಲಲ್ಲಿ ನಿಂತು ಅಳುತ್ತಿದ್ದ. ಅವಳು ಅವನನ್ನೇ ಗದರಿದಳು.

ಉಪಾಯ ಹೇಳಿದವನು ಅಣ್ಣ. ಲಚಮವ್ವ ಹೊರಟ ಮೇಲೆ ಮಿಲಿಂದ ಸರ್ ಕಡೆ ತಿರುಗಿ, "ಸರ್, ಕಥಿ ಅರ್ಧಕ್ಕ ನಿಲ್ಲಸ್ರಿ. ಮುದುಕಿ ಬರ್ತಾಳ ನೋಡ್ರಿ" ಎಂದ.

"ಇಲ್ರಿ."

"ಯಾಕ ಇಲ್ಲ?"

"ಮೊದಲ ಒಂದು ಯಂತ್ರಕ್ಕ ಕಟ್ಟ್ಯಾರ. ಮ್ಯಾಲ ನಾನೊಂದು ಹಗ್ಗ ಹಾಕ್ಲೇನು?"

"ಹಗ್ಗ ಹಾಕಿದ್ರ ಜೀವ ಉಳೀತದಲ್ರಿ."

ಮಿಲಿಂದ ಸರ್ ತೋಳಿನ ಬಟನ್ ಮುಚ್ಚಿಕೊಂಡು ಬಸ್ಸಿಗೆ ಹೋದರು. ಮುಂದಿನ ವಾರಗಳಲ್ಲಿಯೂ ಪ್ರತಿ ಕಥೆಯನ್ನೂ ಮುಗಿಸಿಯೇ ಹೇಳಿದರು. ಅಣ್ಣ ಸಿಟ್ಟಿನಿಂದ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ. ಆದರೆ ಕೇಳಿಸಿಕೊಳ್ಳುವುದನ್ನು ಬಿಡಲಿಲ್ಲ.

ದೀಪಾವಳಿ ಮುಗಿಯಿತು. ಆ ಶುಕ್ರವಾರ ಲಚಮವ್ವ ಹೊಸ ಇಳಕಲ್ ಸೀರೆ ಉಟ್ಟು ಬಂದಳು. ನರ್ಸುಗಳಿಗೆ ಕರಜಿಕಾಯಿ ತಂದಿದ್ದಳು. ಇದೇ ಕಡೆಯ ಸಲ ಎಂದಳು. ಮಿಲಿಂದ ಸರ್ ಜೇಬಿನಿಂದ ಮಡಚಿದ ಹಾಳೆಗಳನ್ನು ತೆಗೆದರು. ಅವುಗಳಿಗೆ ರಬ್ಬರ್ ಬ್ಯಾಂಡಿನ ಗುರುತು ಬಿದ್ದಿತ್ತು.

"ಆಯಿ, ನೀರಿಂದು ಹೇಳ್ಲೇನು?"

"ಕಡೀಕಿ ಬುದ್ಧಿ ಬಂತಾ ಮಾಸ್ತರಗ?"

ಕಥೆ ಹೀಗಿತ್ತು. ಒಂದು ಲೋಕ. ಅಲ್ಲಿ ನೀರು ಬಿಟ್ಟರೆ ಬೇರೇನೂ ಇಲ್ಲ. ಮಂದಿ ದೊಡ್ಡ ತೆಪ್ಪಗಳ ಮೇಲೆ ಹುಟ್ಟಿ, ತೆಪ್ಪಗಳ ಮೇಲೆಯೇ ಸಾಯುತ್ತಾರೆ. ಒಬ್ಬ ಹೆಂಗಸು ನೀರಲ್ಲಿ ಮೇಯುವ ಪ್ರಾಣಿಗಳ ಹಿಂಡು ಕಾಯುತ್ತಾಳೆ. ನೆಲ ಎಂಬುದು ಇದೆ ಎಂದು ಅವಳ ಅಜ್ಜಿ ಹೇಳಿದ್ದಳು, ಅಜ್ಜಿಯೂ ನೋಡಿದವಳಲ್ಲ. ಹಿಂಡು ಒಂದು ದಿನ ಒಂದೇ ದಿಕ್ಕಿಗೆ ಹೊರಡುತ್ತದೆ, ತಿರುಗಿಸಿದರೂ ತಿರುಗುವುದಿಲ್ಲ. ಅವಳು ಹಿಂದೆ ಹೋಗುತ್ತಾಳೆ. ಊರು ಕಾಣದಷ್ಟು ದೂರ ಬಂದ ಮೇಲೆ ಹಿಂಡು ನಿಂತುಬಿಡುತ್ತದೆ. ಲಚಮವ್ವ ನಡುನಡುವೆ, "ಮುಂದಿನ ಟಗರು ನಿಂತಿರಬೇಕು, ಅದಕ್ಕ" ಎನ್ನುತ್ತಿದ್ದಳು. ಅವಳ ಕಣ್ಣು ಗೋಡೆಯ ಮೇಲಿತ್ತು.

"ಆಕಿ ತೆಪ್ಪದ ದಂಡಿಗಿ ಕುಂತು ಒಂದು ಕಾಲು ನೀರಿಗಿ ಬಿಟ್ಲು," ಎಂದರು ಮಿಲಿಂದ ಸರ್. "ಎರಡನೇ ಕಾಲೂ ಬಿಟ್ಲು. ಕೈ ಬಿಟ್ಟು ಇಳದ್ಲು. ಎದಿ ಮಟ ನೀರು ಬಂತು. ಆವಾಗ ಕಾಲಿಗಿ ಏನೋ ಹತ್ತಿತು."

ಹಾಳೆ ಮಡಚಿದರು.

"ಏನು ಹತ್ತಿತು?"

"ಉಳಿದಿದ್ದು ಮಂಗಳವಾರ, ಆಯಿ."

ಅಣ್ಣ ಗಡಿಯಾರ ನೋಡಿದ. "ಸರ್, ಟೈಮ್ ಅದ ಇನ್ನೂ."

"ನನಗ ಗೊತ್ತದ," ಎಂದರು ಮಿಲಿಂದ ಸರ್. ಆಮೇಲೆ ಯಂತ್ರ ಕೂಗುವವರೆಗೆ ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ಲಚಮವ್ವ ಅವರನ್ನು ಕಳ್ಳ ಎಂದಳು, ಮೋಸಗಾರ ಎಂದಳು. ಬರುತ್ತೇನೆ ಎಂದೂ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಸೋಮವಾರ ಸಂಜೆ ಔರಾದದ ಮನೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದ ಮಿಲಿಂದ ಸರ್ ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ನಮ್ಮ ಕಚೇರಿಗೆ ನಿಧನ ವಾರ್ತೆಯಾಗಿ ಬಂತು, ನಾನೇ ಅದನ್ನು ಬರೆದೆ. ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಪತ್ನಿ, ಮಗಳು, ಅಪಾರ ಶಿಷ್ಯವರ್ಗ. ಕಥೆಗಳ ವಿಷಯ ಅದರಲ್ಲಿ ಇರಲಿಲ್ಲ.

ಮಂಗಳವಾರ ಮುಂಜಾನೆ ನಡುವಿನ ಮಂಚಕ್ಕೆ ಹೊಸ ಚಾದರ ಹಾಸಿತ್ತು. ಅಣ್ಣ ಬಾಗಿಲನ್ನೇ ನೋಡುತ್ತಿದ್ದ. ಲಚಮವ್ವ ಮಗನ ಭುಜ ಹಿಡಿದು ಒಳಗೆ ಬಂದಳು. ಮಂಚ ನೋಡಿದಳು, ನಮ್ಮಿಬ್ಬರ ಮುಖ ನೋಡಿದಳು. ತನ್ನ ಮಂಚಕ್ಕೆ ಹೋಗಿ ಮಲಗಿ ಕೈ ಚಾಚಿದಳು. ಸೂಜಿ ಹಾಕಿ ನರ್ಸ್ ಹೋದ ಮೇಲೆ ಮಾತಾಡಿದಳು.

"ಹಂಗಾರ ಆಕಿ ನೀರಾಗೇ ನಿಂತಾಳಾ?"

ನಾನು ಆ ಹಾಳೆಗಳನ್ನು ತರಿಸಿ ಉಳಿದದ್ದನ್ನು ಓದಿ ಹೇಳುತ್ತೇನೆ ಎಂದೆ.

"ಬ್ಯಾಡ. ನಿಲ್ಲಲಿ."

ತಿಂಗಳ ಮೇಲೆ ಮಿಲಿಂದ ಸರ್ ಅವರ ಪತ್ನಿ ಕಥೆಗಳ ಎಲ್ಲ ಕಟ್ಟುಗಳನ್ನು ಬಸ್ಸಿನಲ್ಲಿ ಕಳಿಸಿಕೊಟ್ಟರು. ಅಣ್ಣನ ಒತ್ತಾಯಕ್ಕೆ ಈಗ ಶುಕ್ರವಾರ ನಾನು ಹೇಳುತ್ತೇನೆ. "ನೀ ಕಥಿ ಹೇಳಲ್ಲಪ್ಪಾ, ಪೇಪರ್ ಓದ್ತಿ," ಎಂದು ಲಚಮವ್ವ ಬೈಯುತ್ತಾಳೆ. ಆ ವರ್ಷ ಕುರಿಗಳ ಹಿಂದೆ ಅವಳ ಕಿರಿಯ ಮಗ ಹೋದ. ಹಿರಿಯವನು ಡಾಬಕಾದಲ್ಲೇ ಉಳಿದಿದ್ದಾನೆ.

ಹೈದರಾಬಾದಿನ ಶಿಷ್ಯ ಈಗಲೂ ಪುಸ್ತಕ ಕಳಿಸುತ್ತಾನೆ. ಹೋದ ವಾರ ಬಂದ ಸಂಕಲನದ ಬೆನ್ನಿನ ಮೇಲಿರುವುದು ಮಿಲಿಂದ ಸರ್ ತೀರಿಕೊಂಡ ವರ್ಷದ ಇಸವಿ. ಅದರ ಬೆನ್ನನ್ನು ಅಣ್ಣ ತಾನೇ ಬ್ಲೇಡು ಹಿಡಿದು ಕೊಯ್ದ. ನೀರಿನ ಕಥೆಯ ಹಾಳೆಗಳು ಲಚಮವ್ವನ ಕೈಚೀಲದಲ್ಲಿವೆ, ಮಿಲಿಂದ ಸರ್ ಮಡಚಿದ ಮಡಿಕೆಯನ್ನು ಯಾರೂ ಬಿಚ್ಚಿಲ್ಲ. ಮೊನ್ನೆ ಮಂಗಳವಾರವೂ ಅವಳು ಮೊದಲ ಬಸ್ಸಿಗೆ ಬಂದಿದ್ದಳು.